ಅಂಗಿ ಸರಿದು ಪಿಸ್ತೂಲು ಯಾರಿಗಾದರೂ ಕಂಡರೆ ಏನು ಮಾಡುತ್ತೀರಿ? ನಿಮ್ಮ ಅನುಭವ ಹೇಳಿ

ಟೆಕ್ಸಾಸ್‌ನಲ್ಲಿದ್ದೇನೆ. ಗ್ರೀನ್ ಕಾರ್ಡ್ ಬಂದ ಮೇಲೆ ತರಬೇತಿ ಮುಗಿಸಿ ಲೈಸೆನ್ಸ್ ತೆಗೆದುಕೊಂಡು ನಾಲ್ಕು ತಿಂಗಳಾಯಿತು. ಪಿಸ್ತೂಲನ್ನು ಸೊಂಟದಲ್ಲಿ, ಅಂಗಿಯ ಒಳಗೆ ಇಟ್ಟುಕೊಳ್ಳುತ್ತೇನೆ. ಮೊನ್ನೆ ಅಂಗಡಿಯಲ್ಲಿ ಬಗ್ಗಿ ಅಕ್ಕಿ ಚೀಲ ಎತ್ತುವಾಗ ಅಂಗಿ ಮೇಲೆ ಹೋಯಿತು. ಹಿಂದೆ ನಿಂತಿದ್ದ ಹೆಂಗಸು ನೋಡಿ, ಮಗುವನ್ನು ಎಳೆದುಕೊಂಡು ಓಡಿದರು. ನಾನೂ ಸಾಮಾನು ಅಲ್ಲೇ ಬಿಟ್ಟು ಹೊರಗೆ ಬಂದೆ. ಆಮೇಲೆ ಏನೂ ಆಗಲಿಲ್ಲ, ಆದರೆ ರಾತ್ರಿಯವರೆಗೂ ಕೈ ನಡುಗುತ್ತಿತ್ತು. ನಿಮಗೆ ಹೀಗೆ ಆಗಿದೆಯಾ? ಆಗ ಏನು ಮಾಡಿದಿರಿ?

*

ಆಗಿದೆ. ಟೆಕ್ಸಾಸ್‌ನಲ್ಲಿ 2016ರಿಂದಲೇ ಲೈಸೆನ್ಸ್ ಇರುವವರು ಹೋಲ್‌ಸ್ಟರ್‌ನಲ್ಲಿ, ಅಂದರೆ ಪಿಸ್ತೂಲು ಇಡುವ ಚೀಲದಲ್ಲಿ, ಕಾಣುವ ಹಾಗೆಯೂ ಇಟ್ಟುಕೊಳ್ಳಬಹುದು. ಹಾಗಾಗಿ ಅಂಗಿ ಸರಿದು ಕಂಡಿತು ಅಂದ ಮಾತ್ರಕ್ಕೆ ಅಪರಾಧವಲ್ಲ, ಹೆದರಿಸಲೆಂದೇ ತೋರಿಸಿದರೆ ಬೇರೆ ಮಾತು. ಆದರೆ ಇದೆಲ್ಲ ಆ ತಾಯಿಗೆ ಗೊತ್ತಿರಬೇಕು ಅಂತ ಏನಿಲ್ಲ ಅಲ್ವಾ.

ನನಗೆ ಆದದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ. ಮೇಲಿನ ಕಪಾಟಿಗೆ ಕೈ ಚಾಚಿದ್ದೆ. ಪಕ್ಕದಲ್ಲಿದ್ದ ವಯಸ್ಸಾದವರೊಬ್ಬರು ಒಂದೇ ಸಲ ಹಿಂದೆ ಸರಿದರು. ಅಂಗಿ ಸರಿದಿದೆ ಅಂತ ಗೊತ್ತಾದ ಕೂಡಲೇ ಅದನ್ನು ಎಳೆದುಕೊಳ್ಳಲು ನನ್ನ ಬಲಗೈ ತಾನಾಗಿ ಸೊಂಟಕ್ಕೆ ಹೋಯಿತು. ಅವರು ಕಿರುಚಿಬಿಟ್ಟರು. ಅವರ ಜಾಗದಲ್ಲಿ ನಿಂತು ನೋಡಿ: ಯಾರೋ ಗೊತ್ತಿಲ್ಲದ ಮನುಷ್ಯ, ಸೊಂಟದಲ್ಲಿ ಪಿಸ್ತೂಲು, ಕೈ ಅದರ ಕಡೆಗೇ ಹೋಗುತ್ತಿದೆ. ನಾನು ಮುಚ್ಚಲು ಹೋದೆ, ಅವರಿಗೆ ತೆಗೆಯಲು ಹೋದ ಹಾಗೆ ಕಂಡಿತು. ಅವತ್ತಿನಿಂದ ಮನೆಯಲ್ಲಿ ಖಾಲಿ ಹೋಲ್‌ಸ್ಟರ್ ಹಾಕಿಕೊಂಡು ಇದೊಂದನ್ನೇ ಅಭ್ಯಾಸ ಮಾಡಿದೆ, ಅಂಗಿ ಸರಿದರೆ ಕೈ ಕೆಳಗೆ ತರದೆ ಸುಮ್ನೆ ನೆಟ್ಟಗೆ ನಿಲ್ಲುವುದು. ಅಂಗಿ ಉದ್ದವಾಗಿ ಸಡಿಲವಾಗಿದ್ದರೆ ತಾನೇ ಕೆಳಗೆ ಬೀಳುತ್ತದೆ. ಸಿಕ್ಕಿಕೊಂಡಿದ್ದರೆ ಟಾಯ್ಲೆಟ್‌ಗೆ ಹೋಗಿ ಸರಿಮಾಡಿಕೊಳ್ಳಿ, ಜನರ ಮುಂದೆ ಬೇಡ.

ಯಾರಾದರೂ ನೋಡಿಬಿಟ್ಟರೆ ಎರಡೂ ಕೈ ಎದೆಯ ಮಟ್ಟಕ್ಕೆ ತನ್ನಿ, ಅಂಗೈ ಕಾಣುವ ಹಾಗೆ. "ಕ್ಷಮಿಸಿ, ಗಾಬರಿ ಮಾಡಿಬಿಟ್ಟೆ, ನನಗೆ ಲೈಸೆನ್ಸ್ ಇದೆ, ನಾನು ಹೊರಗೆ ಹೋಗುತ್ತೇನೆ." ಇಷ್ಟು ಸಾಕು. ಇದು ನನ್ನ ಹಕ್ಕು ಅಂತ ವಾದಕ್ಕೆ ಇಳಿಯಬೇಡಿ. ಮ್ಯಾನೇಜರ್ ಹೋಗಿ ಅಂದರೆ ಹೊರಟುಬಿಡಿ. ಲೈಸೆನ್ಸ್ ಇದ್ದರೂ ಮುಚ್ಚಿಟ್ಟ ಪಿಸ್ತೂಲು ಒಳಗೆ ತರಬೇಡಿ ಅನ್ನುವ 30.06 ಬೋರ್ಡ್ ಇರುವ ಕಡೆ ಒಳಗೆ ಹೋದದ್ದಕ್ಕೆ 200 ಡಾಲರ್‌ವರೆಗೆ ದಂಡ ಇದೆ, ಆದರೆ ಹೋಗಿ ಅಂತ ಬಾಯಿಬಿಟ್ಟು ಹೇಳಿದ ಮೇಲೂ ಅಲ್ಲೇ ನಿಂತರೆ ಅದು ಕ್ಲಾಸ್ ಎ ಅಪರಾಧ, ಒಂದು ವರ್ಷದವರೆಗೆ ಜೈಲಾಗಬಹುದು.

ಇನ್ನು ಪೊಲೀಸರು. 911ಗೆ ಕರೆ ಮಾಡಿದವರು "ಅಂಗಡಿಯಲ್ಲಿ ಒಬ್ಬನ ಹತ್ತಿರ ಬಂದೂಕು ಇದೆ" ಅಂದಿರುತ್ತಾರೆ, ಬರುವ ಅಧಿಕಾರಿಗೂ ಗೊತ್ತಿರುವುದು ಅಷ್ಟೇ. ಇಲ್ಲಿ ಅವರು ಗುರುತಿನ ಚೀಟಿ ಕೇಳಿದಾಗ ಡ್ರೈವಿಂಗ್ ಲೈಸೆನ್ಸ್ ಜೊತೆಗೆ ಪಿಸ್ತೂಲಿನ ಲೈಸೆನ್ಸನ್ನೂ ತೋರಿಸಬೇಕು. ಮಿಶಿಗನ್‌ನಲ್ಲಿ ಕೇಳುವ ಮೊದಲೇ ಹೇಳಬೇಕು, ಬೇರೆ ರಾಜ್ಯಕ್ಕೆ ಹೋಗುವ ಮುಂಚೆ ಅಲ್ಲಿನ ನಿಯಮ ಓದಿಕೊಳ್ಳಿ. 2016ರ ಜುಲೈ 6ರಂದು ಮಿನೆಸೋಟದ ಫಾಲ್ಕನ್ ಹೈಟ್ಸ್‌ನಲ್ಲಿ ಫಿಲಾಂಡೊ ಕಾಸ್ಟೀಲ್ ಅವರ ಕಾರನ್ನು ಪೊಲೀಸರು ನಿಲ್ಲಿಸಿದರು. ಅವರಿಗೆ ಪರ್ಮಿಟ್ ಇತ್ತು. ತನ್ನ ಹತ್ತಿರ ಬಂದೂಕು ಇದೆ ಅಂತ ತಾವಾಗಿಯೇ, ಮರ್ಯಾದೆಯಿಂದ ಹೇಳಿದರು. ಕೆಲವೇ ಸೆಕೆಂಡಿನಲ್ಲಿ ಅಧಿಕಾರಿ ಏಳು ಗುಂಡು ಹಾರಿಸಿದ, ಅವರು ತೀರಿಕೊಂಡರು. ಮರುವರ್ಷ ಅಧಿಕಾರಿ ಖುಲಾಸೆಯಾದ. ಇದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ, ತಪ್ಪು ಕಾಸ್ಟೀಲ್ ಅವರದು ಅಂತ ಯಾರೂ ಹೇಳಬೇಡಿ. ನನ್ನ ಕೈಲಿ ಆಗುವುದನ್ನು ನಾನು ಮಾಡುತ್ತೇನೆ. ಪಿಸ್ತೂಲು ಬಲಕ್ಕೆ, ಪರ್ಸ್ ಎಡ ಜೇಬಿಗೆ. ಕಾರಿನಲ್ಲಿದ್ದರೆ ಎಂಜಿನ್ ಆಫ್, ರಾತ್ರಿಯಾದರೆ ಒಳಗಿನ ಲೈಟ್ ಆನ್, ಎರಡೂ ಕೈ ಸ್ಟೀರಿಂಗ್ ಮೇಲೆ. "ಗನ್" ಅನ್ನುವ ಪದದಿಂದ ಮಾತು ಶುರು ಮಾಡುವುದಿಲ್ಲ. "ನನ್ನ ಹತ್ತಿರ ಲೈಸೆನ್ಸ್ ಇದೆ, ಕೈ ಅಲ್ಲಾಡಿಸುತ್ತಿಲ್ಲ, ನಾನೇನು ಮಾಡಬೇಕು ಹೇಳಿ" ಅಂತ ಕೇಳಿ, ಅವರು ಹೇಳಿದ ಮೇಲೇ ಕೈ ಎತ್ತುತ್ತೇನೆ.

*

ಮೇಲಿನವರು ಹೇಳಿದ್ದೆಲ್ಲ ಸರಿ. ನಮ್ಮವರಿಗೆ ಇನ್ನೊಂದು ಕಷ್ಟ ಇದೆ, ಅಪ್ಪಿಕೊಳ್ಳುವುದು. ಗೆಳೆಯರ ಮನೆ ಬಾಗಿಲಲ್ಲಿ ಒಬ್ಬರು ತಬ್ಬಿಕೊಂಡಾಗ ಅವರ ಕೈಗೆ ಗಟ್ಟಿಯಾಗಿ ಏನೋ ತಾಗಿತು, ಮುಖವೇ ಬದಲಾಯಿತು. ಒಳಗೆ ಮಕ್ಕಳು ಆಡುತ್ತಿದ್ದರು. ನಾನು ಮೊದಲೇ ಕೇಳಬೇಕಿತ್ತು, ಕೇಳಿರಲಿಲ್ಲ. ಅವರನ್ನು ಪಕ್ಕಕ್ಕೆ ಕರೆದು ಕ್ಷಮೆ ಕೇಳಿ, ಮನೆಗೆ ವಾಪಸ್ ಹೋಗಿ ಸೇಫ್‌ನಲ್ಲಿಟ್ಟು ಬಂದೆ. ಈಗ ಯಾರ ಮನೆಗೂ ಒಯ್ಯುವುದಿಲ್ಲ. ಕನ್ನಡ ಸಂಘದ ಕಾರ್ಯಕ್ರಮಗಳು ಎಷ್ಟೋ ಸಲ ಶಾಲೆಯ ಆಡಿಟೋರಿಯಮ್‌ನಲ್ಲೇ ನಡೆಯುತ್ತವೆ, ಶಾಲೆಯೊಳಗೆ ಪಿಸ್ತೂಲು ಒಯ್ಯುವುದು ದೊಡ್ಡ ಅಪರಾಧ, ಲೈಸೆನ್ಸ್ ಇದೆ ಅಂದರೂ ನಡೆಯುವುದಿಲ್ಲ. ಎಚ್-1ಬಿ ಮೇಲೆ ಇರುವ ಗೆಳೆಯರು ಇದನ್ನು ಓದುತ್ತಿದ್ದರೆ, ಆ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನೇ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸಿದೆ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಇವೆ, ವಕೀಲರನ್ನು ಕೇಳದೆ ಮುಟ್ಟಬೇಡಿ.

*

ಪಾರ್ಕಿಂಗ್ ಜಗಳದ ಬಗ್ಗೆ ಯಾರೂ ಬರೆದಿಲ್ಲ. ಜಾಗಕ್ಕಾಗಿ ಒಬ್ಬ ಕಾರಿನಿಂದ ಇಳಿದು ಕೂಗಾಡುತ್ತಾ ನನ್ನ ಕಡೆ ಬಂದ. ಕಿಟಕಿ ಏರಿಸಿ, ಬಾಗಿಲು ಲಾಕ್ ಮಾಡಿ, ಜಾಗ ಅವನಿಗೇ ಬಿಟ್ಟು ಹೊರಟೆ. ಅರ್ಧ ಮೈಲಿ ಹೋದ ಮೇಲೆ ನಾನೇ 911ಗೆ ಕರೆ ಮಾಡಿ ನಡೆದದ್ದು ಹೇಳಿದೆ. ಕಾರಣ ಇದೆ. ಅವನು ನನ್ನ ಸೊಂಟ ನೋಡಿದ್ದ ಅನ್ನುವ ಅನುಮಾನ ನನಗಿತ್ತು. ಮೊದಲು ಅವನೇ ಕರೆ ಮಾಡಿ "ಬಂದೂಕು ತೋರಿಸಿದ" ಅಂದರೆ ಪೊಲೀಸರು ಬರುವಾಗ ನಾನೇ ಆರೋಪಿ. ಸುಮ್ನೆ ಹೆದರಿಸೋಣ ಅಂತ ಅಂಗಿ ಎತ್ತಿ ತೋರಿಸಿ ಕೇಸ್ ಹಾಕಿಸಿಕೊಂಡವರನ್ನು ಕಂಡಿದ್ದೇನೆ. ಪಿಸ್ತೂಲು ಇಟ್ಟುಕೊಂಡ ದಿನ ಬೇರೆ ದಿನಕ್ಕಿಂತ ಜಾಸ್ತಿ ತಗ್ಗಿ ನಡೆಯಬೇಕು.

*

ಕೇಳಿದವನು ನಾನು, ಎಲ್ಲರಿಗೂ ಥ್ಯಾಂಕ್ಸ್. ಓದಿದ ಮೇಲೆ ನೆನಪಾಯಿತು, ಅವತ್ತು ನನ್ನ ಕೈಯೂ ಸೊಂಟಕ್ಕೇ ಹೋಗಿತ್ತು. ಅವರು ಓಡಿದ್ದು ಪಿಸ್ತೂಲು ನೋಡಿ ಅಲ್ಲ, ನನ್ನ ಕೈ ನೋಡಿ ಇರಬೇಕು. ಪರ್ಸ್ ಎಡ ಜೇಬಿಗೆ ಹಾಕಿಕೊಂಡಿದ್ದೇನೆ. ಉದ್ದನೆಯ ಅಂಗಿ ಸಿಗುವವರೆಗೆ ಪಿಸ್ತೂಲು ಸೇಫ್‌ನಲ್ಲೇ ಇರುತ್ತದೆ.