'ಟ್ರ್ಯಾಪ್ಡ್ ಹೈಡ್ರೋಜನ್'ಗೆ ಕನ್ನಡದಲ್ಲಿ ಏನನ್ನೋಣ?

ಉಕ್ಕಿನೊಳಗಿನ ಜಲಜನಕವನ್ನು ಪತ್ತೆ ಮಾಡುವುದರ ಬಗ್ಗೆ ಲೇಖನ ಬರೆಯುತ್ತಿದ್ದೇನೆ. 'ಟ್ರ್ಯಾಪ್ಡ್ ಹೈಡ್ರೋಜನ್' ಅನ್ನುವಲ್ಲಿ ಪೆನ್ನು ನಿಂತಿದೆ.

ಲೋಹದೊಳಗೆ ಹೊಕ್ಕ ಜಲಜನಕದಲ್ಲಿ ಒಂದು ಪಾಲು ಪರಮಾಣುಗಳ ಸಂದಿಯಲ್ಲಿ ಓಡಾಡಿಕೊಂಡಿರುತ್ತದೆ. ಸುಮ್ನೆ ಮೇಜಿನ ಮೇಲಿಟ್ಟರೂ ಹೊರಗೆ ಹೋಗುತ್ತಿರುತ್ತದೆ. ಅದಕ್ಕೇ, ಅಳೆಯುವ ಮೊದಲು ಹೊರಗೆ ಹೋಗದಿರಲಿ ಎಂದು, ಪರೀಕ್ಷೆಯ ತುಂಡನ್ನು ಕೊರೆಯುವ ದ್ರವ ಸಾರಜನಕದಲ್ಲಿ ಮುಳುಗಿಸಿಡುತ್ತಾರೆ. ಇದನ್ನು 'ಓಡಾಡುವ ಜಲಜನಕ' ಎಂದೇ ಬರೆದಿದ್ದೇನೆ. ಇಂಗ್ಲಿಷಿನ 'ಡಿಫ್ಯೂಸಿಬಲ್'ಗೆ ಪಠ್ಯದ ಪದವಾದ 'ವಿಸರಣಶೀಲ' ಅಂದರೆ ಪರೀಕ್ಷೆಗೆ ಓದುವವರನ್ನು ಬಿಟ್ಟು ಬೇರೆ ಯಾರಿಗೂ ತಟ್ಟುವುದಿಲ್ಲ.

ತೊಂದರೆ ಇನ್ನೊಂದು ಪಾಲಿನದು, ಅದೇ 'ಟ್ರ್ಯಾಪ್ಡ್'. ಅದು ಹರಳುಗಳ ಗಡಿಯಲ್ಲಿ, ಹರಳಿನೊಳಗಿನ ದೋಷಗಳಲ್ಲಿ, ಕಾರ್ಬೈಡ್ (ಇಂಗಾಲ ಲೋಹದ ಜೊತೆ ಸೇರಿ ಆದದ್ದು) ಕಣಗಳ ಅಂಚಿನಲ್ಲಿ ಸಿಕ್ಕಿಕೊಂಡಿರುತ್ತದೆ. ತುಂಡನ್ನು ನಿಧಾನವಾಗಿ ಕಾಯಿಸುತ್ತಾ ಹೋದರೆ ಬಿಡಿಸಿಕೊಂಡು ಬರುತ್ತದೆ. ಯಾವ ಉಷ್ಣತೆಯಲ್ಲಿ ಎಷ್ಟು ಬಂತು ಎಂದು ಮಾಸ್ ಸ್ಪೆಕ್ಟ್ರೋಮೀಟರ್ (ಅನಿಲದ ಕಣಗಳನ್ನು ಅವುಗಳ ತೂಕದಿಂದ ಗುರುತಿಸುವ ಯಂತ್ರ) ಅಳೆಯುತ್ತದೆ. ಹಿಡಿತ ಬಿಗಿಯಾದಷ್ಟೂ ಜಾಸ್ತಿ ಕಾವು ಬೇಕು. ಹಾಗಾಗಿ ಪದದಲ್ಲಿ ಹಿಡಿತವೂ ಕಾಣಬೇಕು, ಬಿಡುಗಡೆಗೂ ಜಾಗ ಇರಬೇಕು.

'ಬಂಧಿತ ಜಲಜನಕ' ಎಂದು ಒಂದೆರಡು ಕಡೆ ನೋಡಿದೆ. ನನಗೆ ಒಪ್ಪಿಗೆಯಿಲ್ಲ. 'ಬಂಧ' ಅಂದ ಕೂಡಲೇ ಓದುಗರ ತಲೆಗೆ ರಾಸಾಯನಿಕ ಬಂಧ ಬರುತ್ತದೆ. ಟೈಟಾನಿಯಂ, ಜಿರ್ಕೋನಿಯಂಗಳಲ್ಲಿ ಜಲಜನಕ ನಿಜಕ್ಕೂ ಲೋಹದ ಜೊತೆ ಸೇರಿ ಹೈಡ್ರೈಡ್ ಆಗುತ್ತದೆ. ಅದೇ ಪುಟದಲ್ಲಿ ಇದೂ 'ಬಂಧಿತ'ವಾದರೆ ಗೊಂದಲ ಗ್ಯಾರಂಟಿ.

'ಸಿಕ್ಕ ಜಲಜನಕ' ಅನ್ನೋಣವೇ? ಪತ್ತೆಯ ಲೇಖನದಲ್ಲಿ ಇದು ಇನ್ನೂ ಕೆಟ್ಟದ್ದು. 'ಉಕ್ಕಿನಲ್ಲಿ ಸಿಕ್ಕ ಜಲಜನಕ' ಅಂದರೆ ಸಿಕ್ಕಿಬಿದ್ದದ್ದೋ, ನಮ್ಮ ಕೈಗೆ ಸಿಕ್ಕಿದ್ದೋ? ಎರಡೂ ಸರಿ, ಅಲ್ವಾ.

ಸದ್ಯಕ್ಕೆ 'ಸೆರೆ ಜಲಜನಕ' ಇಟ್ಟುಕೊಂಡಿದ್ದೇನೆ. ಹಿಡಿದಿಡುವ ಜಾಗಕ್ಕೆ 'ಸೆರೆತಾಣ', ಕಾಯಿಸಿ ಹೊರತರುವುದಕ್ಕೆ 'ಸೆರೆ ಬಿಡಿಸು'. ಮೂರೂ ಒಂದೇ ಬೇರಿನಿಂದ ಬಂದವು, ಅದು ಅನುಕೂಲ. ಸೆರೆ ಅಂದರೆ ಹೆಂಡ ಎಂದು ಬಳಸುವವರು ನಗಬಹುದು, ನಗಲಿ.

ಇನ್ನೊಂದು ಸಣ್ಣ ಪ್ರಶ್ನೆ. ಆಮ್ಲದಲ್ಲಿ ಅದ್ದಿದ ಕಬ್ಬಿಣ ಸುಲಭವಾಗಿ ಮುರಿಯುತ್ತದೆ, ಮುರಿದ ಕಡೆ ಒದ್ದೆ ಮಾಡಿದರೆ ಗುಳ್ಳೆ ಏಳುತ್ತದೆ ಎಂದು 1875ರಲ್ಲೇ ಡಬ್ಲ್ಯು. ಎಚ್. ಜಾನ್ಸನ್ ಎಂಬಾತ ಬರೆದಿದ್ದ. ಒಳಹೊಕ್ಕ ಜಲಜನಕದಿಂದ ಹೀಗೆ ಸುಲಭವಾಗಿ ಮುರಿಯುವ ಗುಣಕ್ಕೆ ಪಠ್ಯಗಳಲ್ಲಿ 'ಪೆಡಸು' ಎಂದಿರುತ್ತದೆ. ಆದರೆ ಮಾತಿನಲ್ಲಿ ತೊಗಲು ಪೆಡಸಾಯಿತು ಅಂದರೆ ಬಿರುಸಾಯಿತು, ಬಗ್ಗುತ್ತಿಲ್ಲ ಅಂತ ಅಷ್ಟೇ. ಫಟ್ಟನೆ ಮುರಿಯುತ್ತದೆ ಅನ್ನುವ ಅರ್ಥದಲ್ಲಿ ಪೆಡಸನ್ನು ಆಡುಮಾತಿನಲ್ಲಿ ಬಳಸುವವರು ಯಾರಾದರೂ ಇದ್ದೀರಾ? ಇದ್ದರೆ ಒಂದು ವಾಕ್ಯ ಬರೆದು ತೋರಿಸಿ.