ಇಷ್ಟು ಬೇಗ ಬರುವ ಡಿಮ್ ಸಮ್ ತಾಜಾ ಆಗಿರುತ್ತದೆಯೇ?

ವಿಜಯಪುರದ ಸೊಸೆ:
ಚಿಕ್ಕಮಗಳೂರಿನ ನಮ್ಮ ಬಡಾವಣೆಯಲ್ಲಿ, ಹಿಂದೆ ಜೆರಾಕ್ಸ್ ಅಂಗಡಿಯಿದ್ದ ಜಾಗದಲ್ಲಿ, ಚೀನೀ ತಿಂಡಿ ಡಿಮ್ ಸಮ್‌ನ ಪುಟ್ಟ ಹೋಟೆಲೊಂದು ತೆರೆದಿದೆ. ನಾಲ್ಕೈದು ಮೇಜು, ಗೋಡೆಗೆ ಅಂಟಿಸಿದ ತಿಂಡಿ ಪಟ್ಟಿ. ಕುಳಿತು ನೀರು ಕುಡಿಯುವಷ್ಟರಲ್ಲಿ ಬಿದಿರಿನ ಬುಟ್ಟಿ ಎದುರಿಗಿರುತ್ತದೆ. ರುಚಿಯ ಬಗ್ಗೆ ತಕರಾರಿಲ್ಲ, ಮಕ್ಕಳಂತೂ ಬುಟ್ಟಿಯ ತಳ ಕಾಣುವವರೆಗೆ ಏಳುವುದಿಲ್ಲ. ನಮ್ಮ ಯಜಮಾನರದ್ದು ಮಾತ್ರ ಒಂದೇ ರಾಗ: ‘ಮನೆಯಲ್ಲಿ ಕಡುಬು ಬೇಯುವಷ್ಟರಲ್ಲಿ ಹಸಿವೇ ಸತ್ತು ಹೋಗುತ್ತದೆ. ಇದು ಇಷ್ಟು ಬೇಗ ಬಂತೆಂದರೆ ಫ್ರೀಜರ್ ಮಾಲೇ.’ ನಿಜವೇ? ಇನ್ನೊಂದು ಸಂಗತಿ, ನಮ್ಮ ಅತ್ತೆಯವರು ಮಾಂಸ, ಮೀನು ಮುಟ್ಟುವವರಲ್ಲ. ಅವರನ್ನು ಕರೆದುಕೊಂಡು ಹೋದರೆ ಏನು ತರಿಸಬಹುದು?

ಬಸವನಹಳ್ಳಿಯವನು:
ಮೋಮೋಗೆ ಹೊಸ ಅಂಗಿ ತೊಡಿಸಿ ದುಪ್ಪಟ್ಟು ದುಡ್ಡು ಕೇಳುತ್ತಿದ್ದಾರೆ, ಅಷ್ಟೇ. ಬೈಲುಕುಪ್ಪೆಗೆ ಹೋಗಿ ತಿನ್ನಿ, ಹೊಟ್ಟೆಯೂ ತುಂಬುತ್ತದೆ, ಜೇಬೂ ಉಳಿಯುತ್ತದೆ.

ಮೂಡಿಗೆರೆ ಮೆಣಸು:
ಬೆಂಗಳೂರಿನ ಹೋಟೆಲೊಂದರ ಚೀನೀ ಅಡುಗೆಮನೆಯಲ್ಲಿ ಹಬೆಯ ಮುಂದೆ ಬೆವರು ಸುರಿಸಿದವನು ನಾನು. ಈಗ ಊರಿಗೆ ಬಂದು ತೋಟ ನೋಡಿಕೊಳ್ಳುತ್ತಿದ್ದೇನೆ. ಮೊದಲು ಮೋಮೋ ಮಾತು ಮುಗಿಸೋಣ. ಅದು ಟಿಬೆಟ್, ನೇಪಾಳದ ಕಡೆಯದು, ಹೊದಿಕೆ ಮೈದಾದ್ದು. ಡಿಮ್ ಸಮ್ ಒಂದೇ ತಿಂಡಿಯಲ್ಲ. ದಕ್ಷಿಣ ಚೀನಾದ ಗುವಾಂಗ್‌ಡಾಂಗ್, ಹಾಂಗ್‌ಕಾಂಗ್ ಕಡೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಚಹಾದ ಜೊತೆ ತಿನ್ನುವ ಹತ್ತಾರು ತಿನಿಸುಗಳಿಗೆಲ್ಲ ಸೇರಿ ಆ ಹೆಸರು. ಹಬೆಯದ್ದೂ ಉಂಟು, ಕರಿದದ್ದೂ ಉಂಟು, ಮೊಟ್ಟೆಯ ಸಿಹಿ ಟಾರ್ಟೂ ಉಂಟು.

ಇನ್ನು ಬೇಗ ಬರುವ ವಿಚಾರ. ಹೂರಣ ಕೊಚ್ಚುವುದು, ಹಿಟ್ಟು ನಾದುವುದು, ಮಡಚುವುದು ಎಲ್ಲವೂ ಗಿರಾಕಿ ಬರುವ ಮೊದಲೇ ಮುಗಿದಿರುತ್ತದೆ. ನೀರು ಕುದಿಯುತ್ತಲೇ ಇರುತ್ತದೆ. ಸೀಗಡಿ ತುಂಬಿದ ಹಾರ್ ಗಾವ್‌ಗೆ ಐದಾರು ನಿಮಿಷ ಸಾಕು, ಬಾವ್ ಬನ್ನಿಗೆ ಹತ್ತು ಹನ್ನೆರಡು. ಕಡುಬು ದಪ್ಪ, ಅದಕ್ಕೇ ತಡ.

ಫ್ರೀಜರಿನದ್ದೂ ಇರಬಹುದು, ಸರಿಯಾಗಿ ಇಟ್ಟಿದ್ದರೆ ಅದೇನು ಅಪರಾಧವಲ್ಲ. ಯಜಮಾನರಿಗೆ ಅನುಮಾನವಿದ್ದರೆ ಹಾರ್ ಗಾವ್ ತರಿಸಿ ಕೊಡಿ. ಅದರ ಹೊದಿಕೆಗೆ ಗೋಧಿಯ ಪಿಷ್ಟ, ಮರಗೆಣಸಿನ ಪಿಷ್ಟ ಬೆರೆಸಿ, ಕುದಿಯುವ ನೀರು ಸುರಿದು ನಾದುತ್ತೇವೆ. ಲಟ್ಟಣಿಗೆಯ ಗೋಜಿಲ್ಲ: ಸಣ್ಣ ಉಂಡೆಯ ಮೇಲೆ ಎಣ್ಣೆ ಸವರಿದ ಅಗಲವಾದ ಕತ್ತಿಯನ್ನು ಅಡ್ಡಲಾಗಿ ಇಟ್ಟು, ಅಂಗೈಯಿಂದ ಒತ್ತಿ ತಿರುಗಿಸಿದರೆ ತೆಳು ಬಿಲ್ಲೆ ಸಿದ್ಧ. ಬೆಂದ ಮೇಲೆ ಒಳಗಿನ ಸೀಗಡಿಯ ನಸುಗೆಂಪು ಹೊರಗೆ ಕಾಣಬೇಕು. ಎತ್ತಿದಾಗ ತಳ ಬುಟ್ಟಿಯಲ್ಲೇ ಉಳಿದು ಹರಿದರೆ, ಅಥವಾ ಅಂಚು ಒಣಗಿ ಬಿರಿದಿದ್ದರೆ, ಮಾಡಿಟ್ಟು ಬಹಳ ಹೊತ್ತಾಗಿದೆ ಎಂದೇ ತಿಳಿಯಿರಿ. ಆರಿದರೆ ಗಡುಸಾಗುತ್ತದೆ, ಆದ್ದರಿಂದ ಬಂದ ಕೂಡಲೇ ತಿನ್ನಿ. ಫೋಟೊ ಆಮೇಲೆ.

ಅತ್ತೆಯವರ ವಿಷಯದಲ್ಲಿ ಪಟ್ಟಿಯ ಹೆಸರನ್ನು ನಂಬಬೇಡಿ. ಮೂಲಂಗಿ ಕೇಕ್ ಎಂದರೆ ಅಕ್ಕಿಹಿಟ್ಟು, ಮೂಲಂಗಿ ತುರಿ ಸರಿಯೇ, ಆದರೆ ರೂಢಿಯಂತೆ ಅದಕ್ಕೆ ಒಣ ಸೀಗಡಿಯೂ ಸಾಸೇಜೂ ಬೀಳುತ್ತವೆ. ಅಣಬೆಯದ್ದಕ್ಕೆ ಆಯ್‌ಸ್ಟರ್ ಸಾಸ್ ಹಾಕಿರಬಹುದು, ಅದು ಕಡಲ ಚಿಪ್ಪಿನಿಂದ ಮಾಡಿದ್ದು. ಕೆಲವರು ಹೊದಿಕೆಯ ಹಿಟ್ಟಿಗೇ ಹಂದಿಯ ಕೊಬ್ಬು ಸೇರಿಸುತ್ತಾರೆ. ಈ ಮೂರನ್ನೂ ಬಿಡಿಬಿಡಿಯಾಗಿ ಕೇಳಿ. ‘ವೆಜ್ ತಾನೇ?’ ಎಂದರೆ ‘ಹೌದು’ ಎಂಬ ಉತ್ತರ ಎಲ್ಲಿ ಬೇಕಾದರೂ ಸಿಗುತ್ತದೆ.

ವಿಜಯಪುರದ ಸೊಸೆ:
ಬಹಳ ಉಪಕಾರವಾಯಿತು ಸರ್. ಆದರೆ ಅಲ್ಲಿ ಬುಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬೇಯಿಸುತ್ತಾರಲ್ಲ? ಕೆಳಗೆ ಕೋಳಿ, ಮೇಲೆ ತರಕಾರಿ. ಅತ್ತೆಯವರ ಕಣ್ಣಿಗೆ ಮೊದಲು ಬೀಳುವುದೇ ಅದು.

ಮೂಡಿಗೆರೆ ಮೆಣಸು:
ಸುಳ್ಳು ಹೇಳಲಾರೆ. ಕೆಳಗಿನ ಬುಟ್ಟಿಯ ಹಬೆಯೇ ಮೇಲಿನದಕ್ಕೂ ಹೋಗುವುದು. ತರಕಾರಿಯನ್ನು ಕೆಳಗಿಟ್ಟರೆ ಮೇಲಿನ ಬುಟ್ಟಿಯ ರಸ ತೊಟ್ಟಿಕ್ಕುತ್ತದೆ. ಸಣ್ಣ ಅಂಗಡಿಯಲ್ಲಿ ಇನ್ನೊಂದು ಪಾತ್ರೆ ಇರುವುದು ಅನುಮಾನ. ಬಾಗಿಲು ತೆರೆದ ಹೊತ್ತಿಗೇ ಹೋಗಿ, ಇನ್ನೇನೂ ಒಲೆಗೇರುವ ಮೊದಲು ಅತ್ತೆಯವರ ಬುಟ್ಟಿಯೊಂದನ್ನೇ ಬೇಯಿಸಿಕೊಡಿ ಎಂದು ಕೇಳಿ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ. ಒಪ್ಪದಿದ್ದರೆ ಅವರಿಗೆ ಚಹಾ ಸಾಕು.

ಬಸವನಹಳ್ಳಿಯವನು:
ಒಲೆಯ ಮುಂದೆ ನಿಂತವರ ಮಾತಿಗೆ ಎದುರಾಡುವುದಿಲ್ಲ. ಆದರೆ ಚಿಕ್ಕಮಗಳೂರಿನಲ್ಲಿ ಚಹಾ ಏಕೆ? ಅಲ್ಲಿ ಕಾಫಿ ಸಿಗುವುದಿಲ್ಲವೇ?

ವಿಜಯಪುರದ ಸೊಸೆ:
ಇಲ್ಲ. ಮಲ್ಲಿಗೆಯ ಚಹಾ ಮಾತ್ರ. ಯಜಮಾನರ ಎರಡನೇ ದೂರು ಅದೇ.