ಪ್ರಶ್ನೋತ್ತರ: ಹಳೇ ಮಿಯಾಟಾದ ಡಿಕ್ಕಿ ಬ್ಯಾಟರಿ, ಅಂಗಡಿಯವರು ಕೊಟ್ಟಿದ್ದನ್ನು ಹಾಕಬಹುದಾ?

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿಯಿಂದ):

ನಮಸ್ಕಾರ. ನಮ್ಮ ಗುಂಪಿನ ಗ್ಯಾರೇಜ್ ಅಣ್ಣನಿಗೆ ಒಂದು ಪ್ರಶ್ನೆ. ನನ್ನ ಹತ್ತಿರ 1994ರ ಮಾಜ್ದಾ ಮಿಯಾಟಾ ಇದೆ. ಕೆಂಪು ಬಣ್ಣ, ಬಟ್ಟೆ ಟಾಪು, ಐದು ಗೇರು. ಆಫೀಸಿನಲ್ಲಿ ರಿಟೈರ್ ಆದ ಹಿರಿಯರೊಬ್ಬರಿಂದ ಹೋದ ವರ್ಷ ತಗೊಂಡೆ. ಭಾನುವಾರ ಮಾತ್ರ ಓಡಿಸೋದು. ಎರಡು ವಾರ ಊರಲ್ಲಿರಲಿಲ್ಲ. ಬಂದು ಕೀ ತಿರುಗಿಸಿದರೆ ಬರೀ ಟಿಕ್ ಟಿಕ್ ಟಿಕ್. ಸೆಲ್ಫ್ ಹೊಡೆಯಲೇ ಇಲ್ಲ.

ಬ್ಯಾಟರಿ ಅಂಗಡಿಯಲ್ಲಿ ಕೇಳಿದೆ. ಕಂಪ್ಯೂಟರ್ ನೋಡಿ ಒಂದು ಕೊಟ್ಟರು, ಅಗ್ಗವೇ ಇತ್ತು. ಮನೆಗೆ ತಂದು ಡಿಕ್ಕಿ ತೆಗೆದು ನೋಡಿದರೆ ಹಳೇದಕ್ಕೂ ಇದಕ್ಕೂ ತಾಳಮೇಳವೇ ಇಲ್ಲ. ಹಳೇ ಬ್ಯಾಟರಿಯ ಎರಡು ಕಡೆಯಿಂದ ಸಣ್ಣ ಪ್ಲಾಸ್ಟಿಕ್ ಪೈಪುಗಳು ಕೆಳಗೆ ಹೋಗಿವೆ. ಹೊಸದಕ್ಕೆ ಪೈಪ್ ಸಿಕ್ಕಿಸುವ ಜಾಗವೇ ಇಲ್ಲ. ಟರ್ಮಿನಲ್ ಕೂಡ ದಪ್ಪ. ಫೋನ್ ಮಾಡಿದರೆ "ಪೈಪೇನೂ ಬೇಕಾಗಿಲ್ಲ, ಹಾಗೇ ಕೂರಿಸಿ" ಅಂದರು. ಕೂರಿಸಲಾ? ನಮ್ಮನೆಯವರು "ಗಾಡಿನೇ ಮಾರಿಬಿಡು" ಅಂತಿದ್ದಾರೆ. ಅದಕ್ಕೂ ಮೊದಲು ನಿಮ್ಮನ್ನು ಕೇಳೋಣ ಅಂತ.

ಉತ್ತರ (ಗ್ಯಾರೇಜ್ ಅಣ್ಣ):

ಅಕ್ಕ, ಕೂರಿಸಬೇಡಿ. ಗಾಡಿಯನ್ನೂ ಮಾರಬೇಡಿ. ಬಿಲ್ ಇದ್ದರೆ ಆ ಬ್ಯಾಟರಿ ವಾಪಸ್ ಕೊಟ್ಟು ಬನ್ನಿ.

ಆ ಪೈಪಿನ ಕಥೆ ಹೇಳ್ತೀನಿ. ಮಾಮೂಲಿ ಕಾರಲ್ಲಿ ಬ್ಯಾಟರಿ ಬಾನೆಟ್ ಒಳಗಿರುತ್ತೆ. ಅಲ್ಲಿ ಗಾಳಿ ಆಡುತ್ತೆ. ಮಿಯಾಟಾ ಮಾಡಿದವರು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಭಾರ ಹೆಚ್ಚುಕಮ್ಮಿ ಅರ್ಧರ್ಧ ಬೀಳಲಿ ಅಂತ ಬ್ಯಾಟರಿಯನ್ನು ತಗೊಂಡು ಹೋಗಿ ಡಿಕ್ಕಿಯ ಬಲಮೂಲೆಯಲ್ಲಿ ಇಟ್ಟರು. ಇಡೀ ಗಾಡಿಯೇ ಸುಮಾರು ಒಂದು ಟನ್ ಅಷ್ಟೇ. ಅಂಥದ್ದರಲ್ಲಿ ಬ್ಯಾಟರಿಯ ಭಾರ ಎಲ್ಲಿ ಕೂರುತ್ತೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ನೀವು ತಿರುವಿನಲ್ಲಿ ಖುಷಿಪಡ್ತೀರಲ್ವಾ, ಅದರಲ್ಲಿ ಆ ಮೂಲೆಯ ಪಾಲೂ ಇದೆ.

ಆದರೆ ಡಿಕ್ಕಿ ಅಂದರೆ ಮುಚ್ಚಿದ ಡಬ್ಬಿ. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ, ಅದರಲ್ಲೂ ಓವರ್‌ಚಾರ್ಜ್ ಆದಾಗ, ಹೈಡ್ರೋಜನ್ ಬಿಡುತ್ತೆ. ಗಾಳಿಗಿಂತ ಹಗುರ, ಹಾಗಾಗಿ ಮೇಲೇರಿ ಮುಚ್ಚಳದ ಕೆಳಗೆ ನಿಲ್ಲುತ್ತೆ. ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೂ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತೆ. ಜೊತೆಗೆ ಆಸಿಡ್ ಹಬೆ ಬೇರೆ. ಅದು ಸುಮ್ನೆ ಇರಲ್ಲ, ಡಿಕ್ಕಿಯ ತಗಡನ್ನು ತಿನ್ನುತ್ತೆ. ಪೈಪಿಲ್ಲದ ಬ್ಯಾಟರಿ ನಾಲ್ಕು ವರ್ಷ ಕೂತಿದ್ದ ಒಂದು ಮಿಯಾಟಾ ನನ್ನ ಹತ್ತಿರ ಬಂದಿತ್ತು. ಬ್ಯಾಟರಿ ಎತ್ತಿ ನೋಡಿದರೆ ಕೆಳಗಿನ ತಗಡು ಹಪ್ಪಳದ ಥರ ಆಗಿತ್ತು. ಬೆರಳಲ್ಲಿ ಒತ್ತಿದೆ, ಮುರಿದು ಕೈಗೆ ಬಂತು. ಕೆಳಗೆ ನನ್ನ ಗ್ಯಾರೇಜಿನ ನೆಲ ಕಾಣಿಸ್ತಿತ್ತು.

ಆ ಹಬೆ, ಅನಿಲ ಎಲ್ಲ ಗಾಡಿಯಿಂದ ಹೊರಗೆ ಹೋಗಲಿ ಅಂತಲೇ ಆ ಪೈಪುಗಳು. ಕಂಪನಿಯಿಂದ ಬರುವಾಗ ಅದರಲ್ಲಿ ಎಜಿಎಂ ಬ್ಯಾಟರಿ ಇರುತ್ತಿತ್ತು. ಒಳಗೆ ಆಸಿಡ್ ತುಳುಕಲ್ಲ, ಗಾಜಿನ ನಾರಿನ ಹಾಸು ಅದನ್ನು ಹೀರಿಕೊಂಡಿರುತ್ತೆ. ಮಾಮೂಲಾಗಿ ಅನಿಲವನ್ನೂ ಹೊರಗೆ ಬಿಡಲ್ಲ. ಚಾರ್ಜಿಂಗ್ ಕೆಟ್ಟು ಒತ್ತಡ ಜಾಸ್ತಿಯಾದರೆ ವಾಲ್ವ್ ತೆರೆಯುತ್ತೆ, ಆಗ ಪೈಪು ಕೆಲಸಕ್ಕೆ ಬರುತ್ತೆ. ಆ ಬ್ಯಾಟರಿಗಳು ಎಂಟು ಹತ್ತು ವರ್ಷ ಬಾಳಿದ್ದನ್ನು ನಾನೇ ನೋಡಿದ್ದೀನಿ.

ಆದ್ದರಿಂದ ಮಿಯಾಟಾಗೆ ಅಂತಲೇ ಮಾರುವ ಎಜಿಎಂ ಕೇಳಿ. ಪೈಪ್ ಸಿಕ್ಕಿಸುವ ಜಾಗ ಇರಬೇಕು. ಪ್ಲಸ್ ಯಾವ ಕಡೆ ಇದೆ ಅಂತ ಹಳೇದರ ಪಕ್ಕ ಇಟ್ಟು ನೋಡಿ. ತಿರುಗುಮುರುಗಾಗಿದ್ದರೆ ವೈರ್ ಎಟುಕಲ್ಲ, ಎಳೆದು ಎಟುಕಿಸೋಕೆ ಹೋಗಲೂಬಾರದು. ಟರ್ಮಿನಲ್ಲೂ ಜಪಾನಿ ಗಾಡಿಯ ಸಣ್ಣ ಪೋಸ್ಟ್. ದಪ್ಪ ಪೋಸ್ಟಿಗೆ ಕ್ಲಾಂಪ್ ಬಡಿದು ಕೂರಿಸಿದರೆ ಆಮೇಲೆ ಯಾವುದಕ್ಕೂ ಬಿಗಿಯಾಗಿ ಕೂರಲ್ಲ.

ದುಡ್ಡು ಕೊಡೋ ಮುಂಚೆ ಒಂದು ಮಾತು. ಹಳೇ ಬ್ಯಾಟರಿ ನಿಜವಾಗಿ ಸತ್ತಿದೆಯಾ ನೋಡಿದ್ರಾ? ಎಜಿಎಂ ಒಪ್ಪುವ ಚಾರ್ಜರಿನಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿ. ತೆಗೆದು ನಾಲ್ಕೈದು ಗಂಟೆ ಸುಮ್ನೆ ಬಿಡಿ. ಆಮೇಲೆ ಮಲ್ಟಿಮೀಟರ್ ಹಿಡಿದು ಎಷ್ಟು ವೋಲ್ಟ್ ಅಂತ ಹೇಳಿ.

ಪ್ರಶ್ನೆ (ಎಡಿಸನ್):

ಹಾಗೇ ಮಾಡಿದೆ ಅಣ್ಣ. 12.1 ತೋರಿಸ್ತು. ಕೀ ತಿರುಗಿಸುವಾಗ ಮಗ ಮೀಟರ್ ನೋಡ್ತಿದ್ದ, 8.2ಕ್ಕೆ ಇಳಿದು ನಿಂತುಹೋಯಿತಂತೆ. ಮೇಲಿನ ಸ್ಟಿಕ್ಕರ್ ಪ್ರಕಾರ ಬ್ಯಾಟರಿಗೆ ಏಳು ವರ್ಷ.

ಉತ್ತರ:

ಹಾಗಾದರೆ ಅದರ ಕಾಲ ಮುಗೀತು. ಪೂರ್ತಿ ಚಾರ್ಜ್ ಆದ ಎಜಿಎಂ 12.8 ಇಲ್ಲವೇ ಅದಕ್ಕಿಂತ ಮೇಲೆ ನಿಲ್ಲಬೇಕು. ಸೆಲ್ಫ್ ಹೊಡೆಯುವಾಗ ಬೆಚ್ಚಗಿನ ದಿನದಲ್ಲಿ 9.6ಕ್ಕಿಂತ ಕೆಳಗೆ ಹೋಗಬಾರದು. ಹೊಸದು ತನ್ನಿ. ಹಳೇದನ್ನು ಜೊತೆಗೇ ಒಯ್ಯಿರಿ. ಅದಕ್ಕೆ ಅಂತ ಹತ್ತಿಪ್ಪತ್ತು ಡಾಲರ್ ಡಿಪಾಸಿಟ್ ಹಿಡಿದಿರ್ತಾರೆ, ವಾಪಸ್ ಸಿಗುತ್ತೆ.

ನಡುವೆ ಒಬ್ಬರು (ಡಲ್ಲಾಸ್):

ಅಣ್ಣ, ನಾನು ನನ್ನ ಮಿಯಾಟಾಗೆ ಹುಲ್ಲು ಕತ್ತರಿಸುವ ಟ್ರಾಕ್ಟರಿನ ಬ್ಯಾಟರಿ ಹಾಕಿದ್ದೀನಿ. ಮೂರು ವರ್ಷ ಆಯ್ತು. ಚೆನ್ನಾಗೇ ಓಡ್ತಿದೆ. ಸುಮ್ನೆ ಯಾಕೆ ಅಷ್ಟು ಖರ್ಚು?

ಉತ್ತರ:

ಡಲ್ಲಾಸ್‌ನಲ್ಲಿ ಓಡುತ್ತೆ ಸ್ವಾಮಿ, ಅಲ್ಲಿ ಚಳಿ ಎಷ್ಟು ದಿನ? ಅವು ಸಣ್ಣ ಬ್ಯಾಟರಿ, ಗಾತ್ರ ಹೊಂದುತ್ತೆ. ತುಂಬ ಜನ ಹಾಕ್ತಾರೆ, ನನಗೂ ಗೊತ್ತು. ನಿಮ್ಮದು ಸೀಲ್ ಆದ ಎಜಿಎಂ ಆಗಿದ್ದು, ಅಲ್ಲಾಡದ ಹಾಗೆ ಕಟ್ಟಿದ್ದರೆ ನಾನೇನೂ ಅನ್ನಲ್ಲ. ನೀರು ಹಾಕುವ ಬಿರಡೆಯ ಬ್ಯಾಟರಿ ಆಗಿದ್ದರೆ ಈ ವಾರವೇ ತೆಗೀರಿ. ಒಂದ್ಸಲ ಬ್ಯಾಟರಿ ಎತ್ತಿ ಕೆಳಗಿನ ತಗಡನ್ನೂ ನೋಡಿಬಿಡಿ.

ಪ್ರಶ್ನೆ (ಎಡಿಸನ್):

ಸರಿಯಾದ್ದು ಸಿಕ್ಕಿತು ಅಣ್ಣ! ನಾನೇ ಹಾಕಬಹುದಾ? ಇಷ್ಟರವರೆಗೆ ಟೈರ್ ಬದಲಾಯಿಸಿದ್ದೇ ನನ್ನ ದೊಡ್ಡ ಸಾಧನೆ.

ಉತ್ತರ:

ಟೈರ್ ಬದಲಾಯಿಸಿದವರಿಗೆ ಇದು ಅರ್ಧ ಗಂಟೆ ಕೆಲಸ. 10 ಎಂಎಂ ಸ್ಪ್ಯಾನರ್ ಒಂದಿದ್ದರೆ ಬಹುತೇಕ ಎಲ್ಲ ಆಗುತ್ತೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಉಂಗುರ, ಬಳೆ ತೆಗೆದಿಡಿ.

ಮೊದಲು ಮೈನಸ್ ಬಿಚ್ಚಿ. ಇದು ಮಾತ್ರ ತಪ್ಪಬಾರದು. ಕಾರಿನ ಬಾಡಿ ಪೂರ್ತಿ ಮೈನಸ್ಸೇ. ಮೈನಸ್ ಇನ್ನೂ ಸಿಕ್ಕಿರುವಾಗ ಪ್ಲಸ್ ಬಿಚ್ಚೋಕೆ ಹೋದಿರಿ ಅನ್ನಿ, ಸ್ಪ್ಯಾನರಿನ ಇನ್ನೊಂದು ತುದಿ ಡಿಕ್ಕಿಯ ಅಂಚಿಗೆ ತಾಗಿದರೆ ನೇರ ಶಾರ್ಟ್. ನಾನು ಜೆ.ಸಿ. ರೋಡಿನಲ್ಲಿ ಕೆಲಸ ಕಲಿಯುವಾಗ ಒಂದು ಅಂಬಾಸಡರ್‌ಗೆ ಇದನ್ನೇ ಮಾಡಿದೆ. ಚಟ್ ಅಂತು, ನೀಲಿ ಬೆಳಕು, ಸ್ಪ್ಯಾನರ್ ಬಾಡಿಗೆ ಅಂಟಿಕೊಂಡಿತು. ನಮ್ಮ ಮೇಸ್ತ್ರಿ ಏನೂ ಬೈಯಲಿಲ್ಲ. ಆ ಸ್ಪ್ಯಾನರನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಹೊಸ ಹುಡುಗ ಬಂದಾಗಲೆಲ್ಲ ನನ್ನನ್ನು ಕರೆದು "ಅದು ಯಾರದ್ದು ಹೇಳೋ" ಅಂತ ಕೇಳ್ತಿದ್ದರು.

ಮೈನಸ್ ಬಿಚ್ಚಿ ಪಕ್ಕಕ್ಕೆ ಸರಿಸಿ, ಮೇಲೊಂದು ಬಟ್ಟೆ ಸುತ್ತಿ. ಆಮೇಲೆ ಪ್ಲಸ್. ಆಮೇಲೆ ಪೈಪುಗಳನ್ನು ಮೆಲ್ಲಗೆ ಎಳೆಯಿರಿ. ಮೂವತ್ತು ವರ್ಷದ ಪ್ಲಾಸ್ಟಿಕ್ಕು, ಚಕ್ಕುಲಿ ಥರ ಮುರಿಯುತ್ತೆ. ಒಂದು ತುದಿಯಿಂದ ಊದಿ, ಗಾಳಿ ಕೆಳಗೆ ಹೋಗುತ್ತಾ ನೋಡಿ. ಪೈಪಿಗೆ ಬಾಯಿ ಹಾಕಬೇಡಿ, ಸೈಕಲ್ ಪಂಪ್ ಇಟ್ಟು ಊದಿ. ಮಣ್ಣು ಕಟ್ಟಿದ್ದರೆ ಪೈಪ್ ಇದ್ದೂ ಇಲ್ಲದ ಹಾಗೆ.

ಹಿಡಿಕೆ ಪಟ್ಟಿ ಬಿಚ್ಚಿ ಬ್ಯಾಟರಿ ಎತ್ತಿ. ಬಗ್ಗಿ ಎತ್ತಬೇಕಾದ ಜಾಗ, ಸೊಂಟ ಜೋಪಾನ. ಬಿಳಿ ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ನೀರಲ್ಲಿ ಕಲಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಒರೆಸಿ, ಒಣಗಿಸಿ. ತುಕ್ಕು ಕಂಡರೆ ಬಣ್ಣ ಹಚ್ಚಿ. ಮತ್ತೆ ಆ ಮೂಲೆ ಇಷ್ಟು ಖಾಲಿಯಾಗಿ ಸಿಗೋದು ಇನ್ನು ಎಷ್ಟೋ ವರ್ಷಕ್ಕೆ.

ಹೊಸದು ಕೂರಿಸಿ, ಪಟ್ಟಿ ಬಿಗಿ ಮಾಡಿ, ಪೈಪ್ ಸಿಕ್ಕಿಸಿ. ಈಗ ಉಲ್ಟಾ: ಮೊದಲು ಪ್ಲಸ್, ಕೊನೆಗೆ ಮೈನಸ್. ರೇಡಿಯೋ ಗಡಿಯಾರ ಸೊನ್ನೆಗೆ ಬರುತ್ತೆ. ಎಂಜಿನ್ ಕಂಪ್ಯೂಟರ್ ಕಲಿತದ್ದು ಮರೆಯುತ್ತೆ, ಹಾಗಾಗಿ ಮೊದಮೊದಲು ಐಡಲಿಂಗ್ ಸ್ವಲ್ಪ ಏರಿಳಿಯಬಹುದು. ಒಂದು ಸುತ್ತು ಓಡಿಸಿದರೆ ಸರಿಹೋಗುತ್ತೆ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 14ರಿಂದ 14.7 ವೋಲ್ಟ್ ಬರಬೇಕು. 15 ದಾಟಿದರೆ ಆಲ್ಟರ್ನೇಟರ್ ತೋರಿಸಿ, ಇಲ್ಲಾಂದ್ರೆ ಹೊಸ ಬ್ಯಾಟರಿಯನ್ನೂ ಅದು ಬೇಯಿಸಿಬಿಡುತ್ತೆ.

ಇನ್ನೊಬ್ಬರು (ಸ್ಯಾನ್ ಹೋಸೆ):

ನನ್ನದು 2007ರ ಪೋರ್ಷೆ ಬಾಕ್ಸ್‌ಸ್ಟರ್. ಬ್ಯಾಟರಿ ಪೂರ್ತಿ ಡೌನ್. ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿದೆ, ಆ ಡಿಕ್ಕಿ ತೆಗೆಯೋಕೆ ಕರೆಂಟ್ ಬೇಕು. ಕೀಲಿ ಪೆಟ್ಟಿಗೆಯೊಳಗೇ ಇದೆ ಅನ್ನೋ ಹಾಗಾಯ್ತು!

ಉತ್ತರ:

ಇದನ್ನು ಯೋಚಿಸಿಯೇ ದಾರಿ ಬಿಟ್ಟಿದ್ದಾರೆ. ಡ್ರೈವರ್ ಬಾಗಿಲು ಕೀಯಲ್ಲಿ ತೆಗೆದು ಕಾಲಿಡುವ ಜಾಗದ ಎಡಗಡೆ ಫ್ಯೂಸ್ ಬಾಕ್ಸ್ ನೋಡಿ. ಕೆಂಪು ಟರ್ಮಿನಲ್ ಒಂದಿದೆ, ಹೊರಗೆ ಎಳೆದರೆ ಬರುತ್ತೆ. ಬೇರೆ ಬ್ಯಾಟರಿಯ ಪ್ಲಸ್ ಅದಕ್ಕೆ, ಮೈನಸ್ ಬಾಗಿಲು ಸಿಕ್ಕಿಕೊಳ್ಳುವ ಕಬ್ಬಿಣದ ಕೊಕ್ಕೆಗೆ. ಅಲಾರಂ ಕೂಗಬಹುದು, ಹೆದರಬೇಡಿ, ಕೀ ಬಟನ್ ಒತ್ತಿ ನಿಲ್ಲಿಸಿ. ಡಿಕ್ಕಿ ತೆರೆದ ತಕ್ಷಣ ಆ ವೈರ್ ತೆಗೆಯಿರಿ. ಆ ಟರ್ಮಿನಲ್ಲಿನಿಂದ ಎಂಜಿನ್ ಸ್ಟಾರ್ಟ್ ಮಾಡೋಕೆ ಹೋಗಬೇಡಿ, ಅಷ್ಟು ಕರೆಂಟಿಗೆ ಆ ವೈರ್ ಅಲ್ಲ. ಮಿಯಾಟಾದವರಿಗೆ ಈ ತಾಪತ್ರಯ ಇಲ್ಲ, ಡಿಕ್ಕಿಗೆ ಕೀ ಹಾಕಿ ತಿರುಗಿಸಿದರೆ ಆಯ್ತು.

ಮಂಗಳೂರಿನಿಂದ ಒಬ್ಬರು:

ಅಣ್ಣ, ನಮ್ಮ ಚಿಕ್ಕಪ್ಪನ ಹತ್ತಿರ ಒಂದು ಸ್ಯಾನ್ ಸ್ಟಾರ್ಮ್ ಇದೆ, ಗೋವಾದಲ್ಲಿ ಮಾಡ್ತಿದ್ರಲ್ಲ, ಅದೇ. ಹೊಸ ಬ್ಯಾಟರಿ ಹಾಕಿದರೂ ಸೆಲ್ಫ್ ನಿಧಾನ.

ಉತ್ತರ:

ಅಯ್ಯೋ, ಇನ್ನೂ ಇಟ್ಟುಕೊಂಡಿದ್ದಾರಾ! ಚಿಕ್ಕಪ್ಪನಿಗೆ ನನ್ನ ನಮಸ್ಕಾರ ಹೇಳಿ. ಅದರ ಬಾಡಿ ಫೈಬರ್. ಫೈಬರಿನಲ್ಲಿ ಕರೆಂಟ್ ಹರಿಯಲ್ಲ, ಅದಕ್ಕೇ ಅರ್ಥ್ ಎಲ್ಲ ವೈರ್ ಮೂಲಕ ಕೆಳಗಿನ ಕಬ್ಬಿಣಕ್ಕೂ ಎಂಜಿನ್ನಿಗೂ ಹೋಗಬೇಕು. ಮಂಗಳೂರಿನ ಉಪ್ಪುಗಾಳಿಗೆ ಆ ಜೋಡಣೆಗಳೇ ಮೊದಲು ಹಾಳಾಗೋದು. ಎಲ್ಲ ಅರ್ಥ್ ಬಿಚ್ಚಿ, ಉಪ್ಪುಕಾಗದದಲ್ಲಿ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ. ಬ್ಯಾಟರಿ ಅಂಗಡಿಗೆ ಮತ್ತೆ ಹೋಗೋದು ಅದಾದ ಮೇಲೆ.

ಪ್ರಶ್ನೆ (ಎಡಿಸನ್, ಹತ್ತು ದಿನದ ಮೇಲೆ):

ಅಣ್ಣ, ನಾನೇ ಹಾಕಿದೆ. ಒಂದೇ ಏಟಿಗೆ ಸ್ಟಾರ್ಟ್ ಆಯ್ತು. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಆದರೆ ವಾರ ಬಿಟ್ಟು ನೋಡಿದರೆ ಮತ್ತೆ ಟಿಕ್ ಟಿಕ್. ಹೊಸ ಬ್ಯಾಟರಿಯೇ ಸರಿಯಿಲ್ವಾ?

ಉತ್ತರ:

ಬ್ಯಾಟರಿಯನ್ನು ಬೈಯಬೇಡಿ, ಮನೆಯೊಳಗೆ ಕಳ್ಳ ಇದ್ದಾನೆ. ಗಾಡಿ ಆಫ್ ಆಗಿದ್ದಾಗಲೂ ಯಾವುದೋ ಕರೆಂಟ್ ಕುಡೀತಿದೆ. ಮೀಟರನ್ನು 10 ಆಂಪಿಯರಿಗೆ ಇಡಿ, ಮೈನಸ್ ವೈರ್ ಬಿಚ್ಚಿ ವೈರಿಗೂ ಬ್ಯಾಟರಿಗೂ ನಡುವೆ ಮೀಟರ್ ಸೇರಿಸಿ. ಬಾಗಿಲು ಹಾಕಿರಬೇಕು, ಕೀ ಹೊರಗಿರಬೇಕು. ಮೀಟರ್ ಸೇರಿಸಿಕೊಂಡು ಸೆಲ್ಫ್ ಮಾತ್ರ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತೆ. 50 ಮಿಲಿಆಂಪಿಯರ್ ಒಳಗಿದ್ದರೆ ತೊಂದರೆ ಇಲ್ಲ. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ತೆಗೆಯುತ್ತಾ ಬನ್ನಿ. ಯಾವುದು ತೆಗೆದಾಗ ಇಳಿಯುತ್ತೋ ಆ ದಾರಿಯಲ್ಲಿ ಕಳ್ಳ.

ಪ್ರಶ್ನೆ (ಎಡಿಸನ್):

180 ತೋರಿಸ್ತು ಅಣ್ಣ. ಯಾವ ಫ್ಯೂಸ್ ತೆಗೆದರೂ ಇಳಿಯಲಿಲ್ಲ. ಆಮೇಲೆ ಮಗ ಟಾರ್ಚ್ ಬಿಟ್ಟು ನೋಡಿದ, ಬ್ಯಾಟರಿಯ ಪ್ಲಸ್ಸಿನಿಂದಲೇ ಸಣ್ಣ ಹಳದಿ ವೈರೊಂದು ಕಾರ್ಪೆಟ್ ಕೆಳಗೆ ಹೋಗಿದೆ. ಹೊಸದು ಹಾಕುವಾಗ ನಾನೇ ಅದನ್ನೂ ನೆಟ್ಟಿಗೆ ವಾಪಸ್ ಸಿಕ್ಕಿಸಿದ್ದೆ! ಬಿಚ್ಚಿದರೆ 12ಕ್ಕೆ ಇಳಿಯಿತು.

ಉತ್ತರ:

ಮಗನಿಗೆ ಒಂದು ಮಸಾಲೆ ದೋಸೆ ಕೊಡಿಸಿ. ಲೆಕ್ಕ ನೋಡಿ: 180 ಮಿಲಿಆಂಪಿಯರ್ ಅಂದರೆ ದಿನಕ್ಕೆ 4.3 ಆಂಪಿಯರ್-ಅವರ್. ವಾರಕ್ಕೆ 30. ಈ ಗಾಡಿಯ ಬ್ಯಾಟರಿಯಲ್ಲಿ ಇರೋದೇ ಸುಮಾರು ಅಷ್ಟು. ಹಿಂದಿನವರು ಹೊರಗಿನ ಆಂಪ್ಲಿಫೈಯರೋ ಮತ್ತೊಂದೋ ಹಾಕಿಸಿರಬೇಕು. ಫ್ಯೂಸ್ ಇಲ್ಲದೆ ಪ್ಲಸ್ಸಿನಿಂದ ಎಳೆದ ವೈರ್ ಬೆಂಕಿಗೂ ದಾರಿ. ಅದರ ತುದಿ ಹುಡುಕಿ ಪೂರ್ತಿ ಕಿತ್ತುಹಾಕಿ. ಸದ್ಯಕ್ಕೆ ಬರಿದಾದ ತುದಿಗೆ ಟೇಪ್ ಸುತ್ತಿ.

ಬ್ಯಾಟರಿಯನ್ನು ನಿಧಾನವಾಗಿ ಪೂರ್ತಿ ಚಾರ್ಜ್ ಮಾಡಿ, ಉಳಿದುಕೊಳ್ಳುತ್ತೆ. ಡಿಸೆಂಬರ್ ಬಂದಾಗ ಬ್ಯಾಟರಿ ಮೇಂಟೇನರ್, ಅಂದರೆ ನಿಂತ ಗಾಡಿಯ ಬ್ಯಾಟರಿಯನ್ನು ತುಂಬಿದ ಹಾಗೇ ಇಡುವ ಸಣ್ಣ ಚಾರ್ಜರ್, ಒಂದು ತಗೊಂಡು ಸಿಕ್ಕಿಸಿಡಿ. ಖಾಲಿಯಾದ ಬ್ಯಾಟರಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋಗುವಷ್ಟರಲ್ಲಿ ಒಳಗೇ ಹೆಪ್ಪುಗಟ್ಟಿ ಒಡೆಯಬಹುದು, ತುಂಬಿದ್ದಕ್ಕೆ ನಿಮ್ಮ ಚಳಿ ಏನೂ ಮಾಡಲ್ಲ. ಅಂದ ಹಾಗೆ ಟಾಪು ಇಳಿಸುವ ಮುಂಚೆ ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಿಪ್ ಬಿಚ್ಚುತ್ತಿದ್ದೀರಿ ತಾನೇ? ಚಳಿಯಲ್ಲಿ ಮಡಚಿದರೆ ಅದು ಸೀಳುತ್ತೆ, ಬ್ಯಾಟರಿಗಿಂತ ದುಬಾರಿ.

ಎಡಿಸನ್:

ಜಿಪ್ಪಾ? ಜಿಪ್ ಇದೆಯಾ ಅದಕ್ಕೆ?